ಟ್ಯಾಂಕರಿನ ಹಿಂದೆ ನಿಂತು ಹಾಡಿದ್ದು

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಅದರಲ್ಲಿರುವುದು ನೀರಿನ ಟ್ಯಾಂಕರೊಂದರ ಹಿಂಭಾಗ. ತುಕ್ಕು ಹಿಡಿದ ನಲ್ಲಿ, ಸೋರದಿರಲೆಂದು ಅದರ ಬಾಯಿಗೆ ಬಿಗಿದ ಹಳೆಯ ಬಟ್ಟೆ, ಕೆಳಗೆ ಕೆಸರು, ಬಲಗಡೆಯ ಮೂಲೆಯಲ್ಲಿ ಮಬ್ಬಾಗಿ ನನ್ನದೇ ಹೆಬ್ಬೆರಳು. ಇದನ್ನು ನಾನು ಬೇಕೆಂದು ತೆಗೆದದ್ದೂ ಅಲ್ಲ, ಗಡಿಬಿಡಿಯಲ್ಲಿ ಬೆರಳು ತಾಗಿ ತಾನಾಗಿಯೇ ಬಂದದ್ದು. ಆದರೆ ನಾನು ಜೀವ ಬಿಡುವ ರಾಕ್ ತಂಡದ ಕಾರ್ಯಕ್ರಮಕ್ಕೆ ಹೈದರಾಬಾದಿಗೆ ಹೋಗಿದ್ದೆ ಎನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಇದೊಂದೇ.

ಕಳೆದ ವಾರ ಇದರ ನೆನಪಾಯಿತು. ನಮ್ಮದೊಂದು ವಾಟ್ಸಾಪ್ ಗುಂಪಿದೆ. ಬೀದರ, ಕಲಬುರಗಿ, ಹುಮನಾಬಾದ ಎಲ್ಲ ಸೇರಿಸಿ ಹನ್ನೊಂದು ಜನ. ಈ ಭಾಗದಲ್ಲಿ ರಾಕ್ ಸಂಗೀತ ಕೇಳುವವರ ಜನಗಣತಿ ಮಾಡಿದರೆ ಬಹುಶಃ ಅಷ್ಟಕ್ಕೇ ಮುಗಿಯುತ್ತದೆ. ಅದರಲ್ಲಿ ಒಬ್ಬರು, 'ನಿಮ್ಮ ಮೆಚ್ಚಿನ ಹಾಡು ಹಂಚಿಕೊಳ್ಳಿ, ಎದುರಿಗೆ ನಿಂತು ಕೇಳಿದ ಕಾರ್ಯಕ್ರಮದ ಫೋಟೋ ಹಾಕಿ' ಎಂದು ಅಪ್ಪಣೆ ಕೊಡಿಸಿದರು. ಬಣ್ಣಬಣ್ಣದ ದೀಪಗಳು, ಹೊಗೆ, ಗಿಟಾರು ಹಿಡಿದು ಹಾರಿದವನ ಕೂದಲು, ಎಲ್ಲ ಬಂದು ಬಿದ್ದವು. ನಾನು ಟ್ಯಾಂಕರ್ ಹಾಕಿದೆ. 'ಇದೇನು ಮಾರಾಯರೇ, ಕುಡಿಯುವ ನೀರಿನ ಯೋಜನೆಯ ಉದ್ಘಾಟನೆಯೇ?' ಎಂದು ಕೇಳಿದರು. ಅವರಿಗೆ ಎರಡು ಸಾಲಿನಲ್ಲಿ ಏನೆಂದು ಹೇಳಲಿ? ನಿಮಗಾದರೆ ಸಾವಕಾಶವಾಗಿ ಹೇಳಬಹುದು. ನಿಮಗೂ ಎಮ್ಮೆಗೂ ದೂರದ ನಂಟಿದ್ದರೆ ಇನ್ನೂ ಒಳ್ಳೆಯದು.

ನಾನು ಕೊಹಿನೂರಿನವನು. ಹೆಸರು ಸಂಗಪ್ಪ. ಬಸವಕಲ್ಯಾಣದಲ್ಲಿ ಬಿ.ಎ. ಮುಗಿಸಿ, ಮನೆಯ ಎಮ್ಮೆಗಳನ್ನೂ ಐದು ಎಕರೆ ತೊಗರಿಯನ್ನೂ ನೋಡಿಕೊಂಡಿರುವವನು. 'ಬಿ.ಎ. ಓದಿ ಎಮ್ಮೆ ಕಾಯ್ತಾನೆ' ಎಂದು ಊರಿನಲ್ಲಿ ಕೆಲವರು ಮರುಗುತ್ತಾರೆ. ಎಮ್ಮೆಗಳು ಈ ವಿಷಯದಲ್ಲಿ ಒಂದು ದಿನವೂ ತಕರಾರು ಮಾಡಿಲ್ಲ. ಇಂಥವನಿಗೆ ರಾಕ್ ಸಂಗೀತದ ಹುಚ್ಚು ಹತ್ತಿದ್ದು ಹೇಗೆ ಎಂದರೆ, ಅದಕ್ಕೆ ನನ್ನ ಸಹಪಾಠಿ ಮಕ್ಬೂಲನೇ ಕಾರಣ. ಈಗ ಅವನಿಗೆ ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಆಗ ಅವನ ಹತ್ತಿರ ಇದ್ದದ್ದು ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡು. ಹೈದರಾಬಾದಿನ ಅವನ ಖಾಲಾ, ಅಂದರೆ ಚಿಕ್ಕಮ್ಮನ ಮಗ ಅದರಲ್ಲಿ ಇಪ್ಪತ್ತು ಹಾಡು ತುಂಬಿಕೊಟ್ಟಿದ್ದ. ಹಾಡುಗಳಿಗೆ ಹೆಸರಿಲ್ಲ, ಹಾಡಿದವರ ಹೆಸರೂ ಇಲ್ಲ, ಒಂದರಿಂದ ಇಪ್ಪತ್ತರವರೆಗೆ ಅಂಕಿ ಮಾತ್ರ.

ಕೋಟೆಯ ಹಿಂದಿನ ಬೇವಿನ ಗಿಡದ ಕೆಳಗೆ ಕೂತು ಅವನು ಅವನ್ನೆಲ್ಲ ನನ್ನ ಫೋನಿಗೆ ಬ್ಲೂಟೂತಿನಲ್ಲಿ ಕಳಿಸಿದ. ಆ ಕಾಲದ ಬ್ಲೂಟೂತು ನಿಮಗೆ ನೆನಪಿರಬಹುದು. ಎರಡೂ ಫೋನುಗಳನ್ನು ತಲೆಗೆ ತಲೆ ತಾಗಿಸಿ ಮಲಗಿಸಬೇಕು, ಒಂದನ್ನು ಎತ್ತಿದರೆ ಮೊದಲಿನಿಂದ ಶುರು. ಒಂದು ಹಾಡು ದಾಟುವುದರೊಳಗೆ ಅರ್ಥಶಾಸ್ತ್ರದ ಒಂದು ಪಾಠ ಮುಗಿದಿರುತ್ತಿತ್ತು. ಇಪ್ಪತ್ತು ಹಾಡಿಗೆ ನಾವು ಎಷ್ಟು ಪಾಠ ಬಿಟ್ಟೆವು ಎನ್ನುವುದು ನನ್ನ ಅಂಕಪಟ್ಟಿಯಲ್ಲಿ ಈಗಲೂ ಕಾಣುತ್ತದೆ.

ಹೆಸರಿಲ್ಲದ ಹಾಡುಗಳಿಗೆ ನಾವೇ ಹೆಸರಿಟ್ಟೆವು. ನಾಲ್ಕನೆಯದು 'ಕಬ್ಬಿನ ಗಾಡಿ'. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಎರಡು ಟ್ರೇಲರ್ ಎಳೆದುಕೊಂಡು ಹೊರಡುವ ಟ್ರ್ಯಾಕ್ಟರ್ ಮೊದಲು ಕೆಮ್ಮಿ, ಗುಟುರಿ, ಆಮೇಲೆ ದಾರಿ ಹಿಡಿಯುವುದಲ್ಲ, ಹಾಗಿತ್ತು ಅದು. ಹನ್ನೆರಡನೆಯದು 'ಹಿಟ್ಟಿನ ಗಿರಣಿ'. ಏಳನೆಯದಕ್ಕೆ ಮಾತ್ರ ಯಾವ ಹೆಸರೂ ಸರಿಹೊಂದಲಿಲ್ಲ. ಅದು ಏಳನೇ ಹಾಡಾಗಿಯೇ ಉಳಿಯಿತು. ಅದನ್ನು ಹಾಡಿದವರು ಯಾರು, ಎಲ್ಲಿಯವರು ಎಂದು ಗೊತ್ತಾಗುವ ಹೊತ್ತಿಗೆ ನನಗೆ ಮದುವೆಯಾಗಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ತಿಳಿದವರು, 'ಅವರ ಇದೊಂದು ಹಾಡನ್ನು ಮೆಚ್ಚಿದ ನಿನಗೆ ರಾಕ್ ಏನೂ ಗೊತ್ತಿಲ್ಲ' ಎಂದು ಜಗಳಕ್ಕೆ ಬರುತ್ತಾರೆ. ಅವರ ಮಾತು ನಿಜವೂ ಇರಬಹುದು.

ಎದುರಿಗೆ ನಿಂತು ಕೇಳಿದ ಮೊದಲ ಕಾರ್ಯಕ್ರಮ ಕಲಬುರಗಿಯ ಒಂದು ಕಾಲೇಜಿನ ಹಬ್ಬದ್ದು. ಹಾಡುವ ಹುಡುಗರು ನಮ್ಮಂಥವರೇ. ಗಿಟಾರಿನವನು ಇನ್ನೇನು ಶುರು ಮಾಡಬೇಕು, ಕರೆಂಟು ಹೋಯಿತು. ನಮ್ಮ ಕಡೆ ಅದು ದೊಡ್ಡ ಸುದ್ದಿಯೇನಲ್ಲ. ಆದರೆ ಡ್ರಮ್ಮಿಗೆ ಕರೆಂಟಿನ ಹಂಗಿಲ್ಲ ನೋಡಿ. ಕರೆಂಟು ಬರುವವರೆಗೆ ಆ ಹುಡುಗ ಒಬ್ಬನೇ ಬಾರಿಸಿದ. ಬಂದ ಮೇಲೆ ನಾನೂ ಮಕ್ಬೂಲನೂ ದೊಡ್ಡ ಸ್ಪೀಕರಿಗೆ ಎದೆ ಕೊಟ್ಟು ನಿಂತೆವು. ಹೆಚ್ಚು ಹತ್ತಿರ ನಿಂತವನು ಹೆಚ್ಚು ಕೇಳಿಸಿಕೊಂಡ ಹಾಗೆ ಎನ್ನುವುದು ಆಗ ನಮ್ಮ ನಂಬಿಕೆ. ಮೂರು ದಿನ ಕಿವಿ ಗುಂಯ್‌ಗುಟ್ಟಿತು. ಅವ್ವ ಏನು ಕೇಳಿದರೂ ನಾನು 'ಹಾಂ?' ಎನ್ನುವುದನ್ನು ನೋಡಿ, ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಎರಡೂ ಕಿವಿಗೆ ಬಿಟ್ಟು ಹತ್ತಿ ತುರುಕಿದಳು. ರಾಕ್ ಸಂಗೀತ ಎಂದರೆ ಈಗಲೂ ನನ್ನ ಮೂಗಿಗೆ ಬಳ್ಳೊಳ್ಳಿಯ ವಾಸನೆ ಬರುತ್ತದೆ.

ಎರಡನೆಯದು ಪುಣೆಯಲ್ಲಿ. ಊಟಕ್ಕೆ ಎಲ್ಲಿ ಹುಡುಕುವುದೆಂದು ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಒಯ್ದಿದ್ದೆವು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು ರೊಟ್ಟಿಯನ್ನು ಬಿಟ್ಟ, ಕೆಂಪು ಪುಡಿಯ ಪೊಟ್ಟಣವನ್ನು ಹಿಡಿದ. ಮೂಸಿ ನೋಡಿದ. ಅವನು ಐದು ಸಲ ಸೀನಿದ ಮೇಲೆ ಅವನ ಮೇಲಿನವನು ಬಂದ. ಅವನು ಸೊಲ್ಲಾಪುರದ ಕಡೆಯವನಂತೆ, ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿ, ಪೊಟ್ಟಣವನ್ನೇ ಕಿಸೆಗೆ ಹಾಕಿಕೊಂಡು ನಮ್ಮನ್ನು ಒಳಗೆ ಬಿಟ್ಟ. ಆವತ್ತು ಒಳಗೆ ಯಾರು ಏನು ಹಾಡಿದರೋ ಮರೆತಿದ್ದೇನೆ. ಒಣ ರೊಟ್ಟಿ ತಿಂದದ್ದು ಮರೆತಿಲ್ಲ.

ಈಗ ಎಮ್ಮೆಯ ಕಡೆಗೆ ಬರೋಣ.

ನಮ್ಮ ಮನೆಯಲ್ಲಿ ಹಾಲು ಹಿಂಡುವವರು ಬಾಯಿ ಮುಚ್ಚಿಕೊಂಡು ಕೂಡುವ ಪದ್ಧತಿಯಿಲ್ಲ. ಸುಮ್ಮನೆ ಕೂತು ಕೈ ಹಾಕಿದರೆ ಎಮ್ಮೆ ಬೆಚ್ಚುತ್ತದೆ. ಯಾರು ಕೂತಿದ್ದಾರೆ, ಎಲ್ಲಿ ಕೂತಿದ್ದಾರೆ ಎಂದು ಅದಕ್ಕೆ ತಿಳಿಯುತ್ತಿರಬೇಕು. ಅವ್ವ ಬೀಸುವ ಪದ ಗುನುಗುತ್ತಿದ್ದಳು. ಅಪ್ಪ ಇದ್ದಾಗ ಅವನು ಪದಗಿದ ಹಾಡುವವನಲ್ಲ, ಸಂತೆಯ ಧಾರಣೆ, ಮಳೆಯ ಸುದ್ದಿ, ಬೀಗರ ಮೇಲಿನ ಸಿಟ್ಟು ಎಲ್ಲವನ್ನೂ ಎಮ್ಮೆಗೆ ಹೇಳುತ್ತಿದ್ದ. ಮನೆಯ ಗುಟ್ಟುಗಳು ನಮಗಿಂತ ಮೊದಲು ಎಮ್ಮೆಗಳಿಗೆ ಗೊತ್ತಾಗುತ್ತಿದ್ದವು. ನಾನು ಕೈ ಹಾಕುವ ಕಾಲಕ್ಕೆ ನನಗೆ ಬೀಸುವ ಪದವೂ ಬಾರದು, ಬೀಗರ ಮೇಲೆ ಸಿಟ್ಟೂ ಇರಲಿಲ್ಲ. ಅಂಗಿಯ ಕಿಸೆಯಲ್ಲಿ ಫೋನಿಟ್ಟು ಹಾಡು ಹಚ್ಚತೊಡಗಿದೆ. ಹಚ್ಚಿದ ಮೇಲೆ ಜೊತೆಗೆ ನಾನೂ ಹಾಡತೊಡಗಿದೆ.

ಇಲ್ಲಿ ನನ್ನ ದನಿಯ ಬಗ್ಗೆ ಒಂದು ಮಾತು. ಶಾಲೆಯಲ್ಲಿ ನಾಡಗೀತೆಯ ಸಾಲಿನಿಂದ ಗುರುಗಳು ನನ್ನನ್ನು ಮೆಲ್ಲಗೆ ಕೈಹಿಡಿದು ಹಿಂದೆ ನಿಲ್ಲಿಸಿ, 'ನೀ ಬಾಯಿ ಅಷ್ಟೇ ಆಡಸು' ಎಂದಿದ್ದರು. ಮಾಣಿಕನಗರದಲ್ಲಿ ಒಮ್ಮೆ ದೊಡ್ಡ ಗವಾಯಿಗಳ ಮುಂದೆ ಕೂತು ತಲೆದೂಗುತ್ತ ನಾನೂ ಒಂದೆಳೆ ಎತ್ತಿದಾಗ, ಪಕ್ಕದ ಅಜ್ಜ ತೊಡೆಯ ಮೇಲೆ ಕೈಯಿಟ್ಟು, 'ತಮ್ಮಾ, ಅವ್ರೇ ಹಾಡ್ತಾರ, ನೀ ಯಾಕ ತ್ರಾಸ ತಗೋತಿ' ಎಂದಿದ್ದ. ಹೆಂಡತಿ ಸುವರ್ಣಾ ಮದುವೆಯಾದ ಹೊಸತರಲ್ಲಿ ನಾಚಿಕೊಂಡು ಸುಮ್ಮನಿದ್ದಳು, ಎರಡನೆಯ ವರ್ಷದಿಂದ 'ಹಾಡಿದ್ದೇ ಹಾಡೋ ಕಿಸಬಾಯಿದಾಸ' ಎಂದು ಶುರು ಮಾಡಿದಳು. ಹೀಗಾಗಿ ನಾನು ಕೊಟ್ಟಿಗೆಯಲ್ಲಿ ಮಾತ್ರ ಹಾಡುವವನು. ಅಲ್ಲಿ ಹಾಡಿದ್ದು ಹೊರಗೆ ಕೇಳಿಸುವುದಿಲ್ಲ ಎಂದೂ ನಂಬಿದ್ದೆ.

ಚಂದ್ರಿ ನಮ್ಮ ದೊಡ್ಡ ಎಮ್ಮೆ. ಹಣೆಯ ಮೇಲೆ ಬಿಳಿಯ ಚುಕ್ಕೆ ಇದ್ದದ್ದಕ್ಕೆ ಆ ಹೆಸರು. ಹೋದ ವರ್ಷ ಅವಳು ಎರಡನೆಯ ಸಲ ಈದಳು. ನಾಲ್ಕನೆಯ ದಿನ ಕರು ಸತ್ತಿತು. ಕರುವಿಲ್ಲದ ಎಮ್ಮೆಯನ್ನು ನೀವು ನೋಡಿದ್ದೀರೋ ಇಲ್ಲವೋ. ಅದು ಅಳುವುದು ಕಾಣಿಸುವುದಿಲ್ಲ. ಮೇವು ಬಿಡುತ್ತದೆ, ಕರು ಕಟ್ಟುತ್ತಿದ್ದ ಗೂಟವನ್ನು ಮೂಸುತ್ತದೆ, ಹಾಲನ್ನು ಮೇಲಕ್ಕೆ ಏರಿಸಿಕೊಂಡು ಬಿಡುತ್ತದೆ. ಹಿಂಡಲು ಹೋದರೆ ನಾಲ್ಕು ಹನಿ. ನೆರೆಯವನೊಬ್ಬ, 'ಇಂಜೆಕ್ಷನ್ ಹಾಕ್ರಿ, ಸರಸರ ಇಳಿಸ್ತದ' ಎಂದು ಸಲಹೆ ಕೊಟ್ಟ. ಅವ್ವ, 'ಕರು ಸತ್ತ ತಾಯಿಗಿ ಸೂಜಿ ಚುಚ್ಚತೀರೇನು' ಎಂದು ಅವನನ್ನು ಅಂಗಳದಿಂದಲೇ ಸಾಗಹಾಕಿದಳು.

ನಾನು ಎರಡು ದಿನ ಅವಳ ಪಕ್ಕ ಬಿಡದೆ ಕೂತೆ. ಹೊಟ್ಟೆಗೆ ತಲೆ ಆನಿಸಿ, ಏಳನೇ ಹಾಡು ಹಚ್ಚಿ, ಮೆಲ್ಲಗೆ ನಾನೂ ಹಾಡುತ್ತ ಕೆಚ್ಚಲು ನೀವುತ್ತ ಕೂತೆ. ಅವಳಿಗೆ ಸಮಾಧಾನವಾಗಲೆಂದೋ ನನಗಾಗಲೆಂದೋ ಗೊತ್ತಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಡಿನ ನಡುವೆ ಗಿಟಾರು ಒಂದೇ ಉಳಿಯುತ್ತದಲ್ಲ, ಆ ಜಾಗದಲ್ಲಿ ಅವಳ ಮೊಲೆಗಳು ತುಂಬಿಕೊಂಡವು. ಹಾಲು ಇಳಿಸಿದಳು. ನಾನು ಕುಣಿಯುವುದೊಂದು ಬಾಕಿ.

ಇದನ್ನು ಗುಂಪಿನಲ್ಲಿ ಹೇಳಿಕೊಳ್ಳದಿರಲು ಆಗುತ್ತದೆಯೇ? ಹೇಳಿಕೊಂಡೆ. ಎಲ್ಲರೂ ಒಟ್ಟಿಗೆ 'ಕೋಣನ ಮುಂದೆ ಕಿನ್ನರಿ' ಎಂದು ಬರೆದರು. ನಾನೂ ಬಿಡಲಿಲ್ಲ. ಗಾದೆ ಮಾಡಿದವನು ಕೋಣನ ಮುಂದೆ ಬಾರಿಸಿದ್ದ, ಎಮ್ಮೆಯ ಮುಂದೆ ಬಾರಿಸಿದ್ದರೆ ಗಾದೆಯೇ ಬೇರೆಯಾಗುತ್ತಿತ್ತು ಎಂದೆ. ಏಳನೇ ಹಾಡಿನ ಮಹಿಮೆಯ ಮೇಲೆ ದಿನಕ್ಕೊಂದು ಹೊಸ ಸಿದ್ಧಾಂತ ಬರೆದೆ. ಮಂದಿ ಓದಿ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಸುಮ್ಮನಿದ್ದರು.

ಅಷ್ಟರಲ್ಲಿ ಸುದ್ದಿ ಬಂತು, ಏಳನೇ ಹಾಡಿನ ತಂಡ ಹೈದರಾಬಾದಿಗೆ ಬರುತ್ತದೆ. ಅವರಿಗೆಲ್ಲ ಈಗ ವಯಸ್ಸಾಗಿದೆ, ಇನ್ನೊಮ್ಮೆ ಈ ಕಡೆ ಬರುವ ಮಾತಿಲ್ಲ. ಮಕ್ಬೂಲ ಅಂಗಡಿಯಿಂದಲೇ ಎರಡು ಟಿಕೆಟ್ ತೆಗೆದು, ಉಳಿಯಲು ಅಲ್ಲಿನ ತನ್ನ ಅಕ್ಕನ ಮನೆ ಗೊತ್ತುಮಾಡಿ ಫೋನ್ ಮಾಡಿದ. 'ಅರೇ ಯಾರ್, ಜಿಂದಗೀದಾಗ ಒಂದೇ ಸಲ. ಶನಿವಾರ ನಮ್ಮ ಆಪಾನ ಮನ್ಯಾಗ ಇರಮು, ಐತವಾರ ಸಂಜಿಕಿ ಕಾರ್ಯಕ್ರಮ. ಎಮ್ಮಿ ಫಿಕರ್ ಮಾಡಬ್ಯಾಡ, ಎರಡು ದಿನ ಭಾಭಿ ನೋಡಕೋತಾರ.'

ಎಮ್ಮೆಯ ಚಿಂತೆ ಮಾಡದವನು ಎಮ್ಮೆ ಕಟ್ಟಬಾರದು. ನಾನು ಪೂರ್ತಿ ತಯಾರಿ ಮಾಡಿದೆ. ಸುವರ್ಣಾಳ ಫೋನಿಗೆ ಏಳನೇ ಹಾಡು ಕಳಿಸಿದೆ. ಹಿಂಡುವಾಗ ನಾನು ತೊಡುವ ಚೌಕಳಿ ಅಂಗಿಯನ್ನು ಅವಳಿಗೇ ಕೊಟ್ಟೆ. ವಾಸನೆ ಹಿಡಿದು ಎಮ್ಮೆ ಮೋಸ ಹೋಗಲಿ ಎಂದು ನಮ್ಮ ಕಡೆ ಹೀಗೆ ಗಂಡನ ಅಂಗಿ ತೊಟ್ಟು ಹಿಂಡುವ ಹೆಂಗಸರು ಬೇಕಾದಷ್ಟಿದ್ದಾರೆ. ಸೀರೆಯ ಮೇಲೆ ನನ್ನ ಅಂಗಿ ತೊಟ್ಟು, ಕೈಯಲ್ಲಿ ರಾಕ್ ಹಾಡು ಹಿಡಿದು ನಿಂತ ಸುವರ್ಣಾಳನ್ನು ನೋಡಿ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಶನಿವಾರ ಮಧ್ಯಾಹ್ನ ನಾನು ಬಸ್ಸು ಹತ್ತಿದೆ. ಸಂಜೆ ಫೋನ್ ಮಾಡಿದಾಗ 'ಎಲ್ಲ ಬರೋಬ್ಬರಿ ಅದರಿ' ಎಂದಳು. ಭಾನುವಾರ ಬೆಳಿಗ್ಗೆಯೂ ಅದೇ ಮಾತು.

ಊರ ಹೊರಗಿನ ಬಯಲು. ಮುಂದೆ ಮೂರು ಮನೆ ಎತ್ತರದ ವೇದಿಕೆ. ಇನ್ನೂ ಬಿಸಿಲಿತ್ತು. ಅವರು ಬಂದರು. ಬೇವಿನ ಗಿಡದ ಕೆಳಗೆ ಹೆಸರಿಲ್ಲದೆ ಕೇಳಿದ ದನಿ ಅದೋ ಅಲ್ಲಿ, ಮನುಷ್ಯನ ಬಾಯಿಂದ ಬರುತ್ತಿದೆ! ಮಕ್ಬೂಲ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಮೂರನೆಯ ಹಾಡು ಮುಗಿಯುವಾಗ ಕಿಸೆಯಲ್ಲಿ ಫೋನು ನಡುಗಿತು. ಸುವರ್ಣಾ. ಅವಳು ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ಜನರ ನಡುವೆ ನುಗ್ಗಿಕೊಂಡು ಹಿಂದಕ್ಕೆ ಓಡಿದೆ. ಕೈತೊಳೆಯುವ ಜಾಗ ದಾಟಿದ ಮೇಲೆ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಅದರ ಮರೆಯಲ್ಲಿ ಸ್ವಲ್ಪ ಮಾತು ಕೇಳಿಸುತ್ತಿತ್ತು.

'ಸಿಟ್ಟಾಗಬ್ಯಾಡ್ರಿ,' ಎಂದಳು. ದನಿ ಒಡೆದಿತ್ತು. 'ಚಂದ್ರಿ ನಿನ್ನಿ ಸಂಜಿಲಿಂದ ಹಿಂಡಗೊಡವಲ್ದು.'

'ನಿನ್ನಿ ಸಂಜಿಲಿಂದ? ಮತ್ತ ಮುಂಜಾನಿ ಯಾಕ ಹೇಳಲಿಲ್ಲ?'

'ಅತ್ತಿ ಬ್ಯಾಡ ಅಂದ್ರು. ಎಷ್ಟ ವರ್ಷ ಆಯ್ತು, ಆ ಮಂದೀದು ಹಾಡ ಕೇಳಬೇಕಂತ ಕುಂತಾನ, ಕೇಳಿ ಬರ್ಲಿ ಅಂದ್ರು. ಈಗ ಕೆಚ್ಚಲ ಕಲ್ಲ ಆದಂಗ ಆಗ್ಯಾದರಿ. ಮುಟ್ಟಿದ್ರ ಒದಿತದ. ದನದ ಡಾಕ್ಟರು ನಾಳಿ ಮುಂಜಾನಿ ಬರ್ತೀನಿ ಅಂದಾರ.'

ಮೂರು ಹೊತ್ತಿನ ಹಾಲು ಒಳಗೇ ನಿಂತರೆ ಕೆಚ್ಚಲು ಬಾವು ಬರುತ್ತದೆ, ಬಂದರೆ ಮೊಲೆ ಸತ್ತುಹೋಗುತ್ತದೆ, ಆಮೇಲೆ ಯಾವ ಡಾಕ್ಟರು ಬಂದರೂ ಅಷ್ಟೇ. ಕರು ಕಳೆದುಕೊಂಡವಳು ಈಗ ಇದನ್ನೂ ಅನುಭವಿಸಬೇಕೇ? ಅದೂ ನಾನು ಹಾಡು ಕೇಳಲು ಬಂದದ್ದಕ್ಕೆ? ನಾಳೆ ಬೆಳಗಿನವರೆಗೆ ಕಾಯುವ ಹಾಗಿಲ್ಲ, ಈಗ ಹೊರಟರೂ ಹೊತ್ತಿಗೆ ಮುಟ್ಟುವ ಹಾಗಿಲ್ಲ.

'ಹಾಡ ಹಚ್ಚಿದ್ರೇನು?' ಎಂದೆ.

ಅವ್ವ ಫೋನು ಕಸಿದುಕೊಂಡಳು. 'ಹಚ್ಚೇವೋ. ಹಚ್ಚಿದ ಕೂಡ್ಲೆ ಕಿವಿ ನಿಗರಿಸ್ತದ. ಆಮ್ಯಾಲ ಬಾಗಲ ಕಡಿ ನೋಡ್ತದ. ಮತ್ತ ಸುಮ್ಕ ನಿಂದರ್ತದ. ಅಲ್ಲೋ, ಇದ್ರಾಗ ನೀ ಎಲ್ಲಿ ಅದಿ?'

'ಅವ್ವಾ, ನಾ ಹ್ಯಾಂಗ ಇರ್ತೀನಿ? ಅದು ದೊಡ್ಡ ದೊಡ್ಡ ಮಂದಿ ಹಾಡಿದ್ದು.'

'ದೊಡ್ಡ ಮಂದೀನ ತಗೊಂಡ ಏನ ಮಾಡ್ಲಿ? ನೀ ದಿನಾ ಜೋಡಿಗಿ ಒದರ್ತಿದ್ದೆಲ್ಲ, ಅದು ಇದ್ರಾಗ ಇಲ್ಲ. ಅದನ್ನ ಒದರು.'

'ಅದು ನಿಮಗ ಕೇಳಸ್ತಿತ್ತೇನು?'

'ಓಣಿಗೆಲ್ಲ ಕೇಳಸ್ತದ. ಈಗ ಮಾತ ಬ್ಯಾಡ, ಹಾಡು.'

ಇಷ್ಟು ವರ್ಷದ ನನ್ನ ಮಾನ ಅಲ್ಲಿಗೆ ಮುಗಿಯಿತು. ಸುವರ್ಣಾ ಫೋನನ್ನು ಜೋರು ಮಾಡಿ ಚಂದ್ರಿಯ ಕಿವಿಗೆ ಹಿಡಿದಳು. ಅವ್ವ ಕೆಳಗೆ ಕೂತಳು. ನಾನು ಟ್ಯಾಂಕರಿಗೆ ಮುಖ ಮಾಡಿ ನಿಂತು ಬಾಯಿ ತೆರೆದೆ. ಟ್ಯಾಂಕರಿನ ಪಂಪು ಬಡಬಡ ಎನ್ನುತ್ತಿತ್ತು, ನನಗೇ ನನ್ನ ದನಿ ಕೇಳಿಸಲಿಲ್ಲ. ಇನ್ನೂ ಎತ್ತರಿಸಿದೆ. ಯಾರೋ ಬೆನ್ನು ತಟ್ಟಿದರು. ನೋಡಿದರೆ ಕಾವಲಿನವನು, ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ.

'ಇಧರ್ ಕಾಯ್ಕು ಚಿಲ್ಲಾರೇ?' ಎಂದು ಗದರಿಸಿದ, ಇಲ್ಲಿ ಯಾಕೆ ಕಿರಚುತ್ತೀ ಎಂದು.

ನಾನು ಹೇಳಿದೆ. ಎಮ್ಮೆಗೆ ಹಾಡು ಕೇಳಿಸುತ್ತಿದ್ದೇನೆ ಎಂದು ಹೇಳಿದೆ. ಅವನು ಹತ್ತಿರ ಬಂದು ನನ್ನ ಬಾಯಿಯ ವಾಸನೆ ನೋಡಿದ. ಏನೂ ಇರಲಿಲ್ಲ. ನನ್ನ ಕಣ್ಣನ್ನು ನೋಡಿದ, ಕೈಯಲ್ಲಿಯ ಫೋನನ್ನು ನೋಡಿದ.

'ಹಾಲ ಇಳಿಸವಲ್ದೇನ್ರಿ?' ಎಂದು ಕೇಳಿದ, ನಮ್ಮದೇ ಮಾತಿನಲ್ಲಿ.

'ಮೂರ ಹೊತ್ತ ಆಯ್ತ್ರಿ. ಕರು ಸತ್ತದ.'

'ಮೊದ್ಲೇ ಹೇಳಬಾರದೇನ್ರಿ! ನಂದು ಬೀದರ ಬಾಜೂಕಿನ ಜಹೀರಾಬಾದ ಕಡೀನ ಅದ. ಮನ್ಯಾಗ ಆರ ಎಮ್ಮಿ ಅವ. ಹಾಡ್ರಿ, ಹಾಡ್ರಿ.' ಹೀಗೆಂದು ಹೋಗಿ ಪಂಪು ಬಂದ್ ಮಾಡಿದ. ನೀರಿಗೆ ಬಂದವರನ್ನು ಬೆತ್ತ ಅಡ್ಡ ಹಿಡಿದು ಆ ಕಡೆಗೆ ಕಳಿಸತೊಡಗಿದ.

ಮೊದಲನೆಯ ಸಲ ಪೂರ್ತಿ ಹಾಡಿದೆ. ಏನೂ ಆಗಲಿಲ್ಲ. ಎರಡನೆಯ ಸಲ ಅರ್ಧಕ್ಕೆ ಬಂದಾಗ ಸುವರ್ಣಾ ಪಿಸುಗುಟ್ಟಿದಳು, 'ಫೋನ್ ಮೂಸಾಕತ್ತಾಳ್ರಿ. ನಿಲ್ಲಿಸಬ್ಯಾಡ್ರಿ.' ನಾನು ನಿಲ್ಲಿಸಲಿಲ್ಲ. ಮೂರನೆಯ ಸಲ ಶುರು ಮಾಡಿದ್ದೆ, ಆಗ ವೇದಿಕೆಯಿಂದ ಒಂದು ಗಿಟಾರು ಒಬ್ಬಂಟಿಯಾಗಿ ಎದ್ದಿತು. ಬಯಲಿಗೆ ಬಯಲೇ ಹೋ ಎಂದಿತು. ಏಳನೇ ಹಾಡು.

ಬೇವಿನ ಗಿಡದ ಕಾಲದಿಂದ ನಾನು ಕಾದದ್ದು ಅದಕ್ಕೇ. ಕಾದದ್ದು ಬಂದಾಗ ನಾನು ಮಾಡಿದ್ದೇನು ಗೊತ್ತೇ? ಫೋನಿಲ್ಲದ ಕಿವಿಯಲ್ಲಿ ಬೆರಳು ತುರುಕಿಕೊಂಡೆ. ಯಾಕೆಂದರೆ ವಯಸ್ಸಾದ ಅವರು ಅದನ್ನು ಬಹಳ ನಿಧಾನಕ್ಕೆ ಎತ್ತಿಕೊಂಡಿದ್ದರು, ನನ್ನ ಓಟಕ್ಕೂ ಅವರ ನಡಿಗೆಗೂ ತಾಳ ಕೂಡುತ್ತಿರಲಿಲ್ಲ, ಅವರಿಂದಾಗಿ ನನ್ನ ಹಾಡು ಕೆಡುತ್ತಿತ್ತು. ಹಣೆಯನ್ನು ಟ್ಯಾಂಕರಿನ ತಗಡಿಗೆ ಒತ್ತಿ, ಕಣ್ಣು ಮುಚ್ಚಿ, ನನ್ನದನ್ನೇ ಹಿಡಿದೆ. ಆ ಕಡೆಯಿಂದ ಅವ್ವನ ದನಿ ಬಂತು.

'ನಿನ್ನ ಹಿಂದ ಯಾರೋ ಒದರಾಕತ್ತಾರಲ್ಲೋ! ಸ್ವಲ್ಪ ಸುಮ್ಕಿರ್ರಿ ಅನ್ನು ಅವ್ರಿಗಿ. ಎಮ್ಮಿ ಬೆದರ್ತದ.'

ಅವರಿಗೆ ಹೇಳುವಷ್ಟು ಸಲಿಗೆ ನನಗಿರಲಿಲ್ಲ. ನಾನೇ ಇನ್ನಷ್ಟು ಗಟ್ಟಿ ಹಾಡಿದೆ. ಗಿಟಾರು ಒಂದೇ ಉಳಿಯುವ ಜಾಗ ಬಂತು. ಅಲ್ಲಿ ನಾನು ದಿನಾ ಬಾಯಿಂದಲೇ ಗಿಟಾರು ಬಾರಿಸುತ್ತೇನೆ. ಕಾವಲಿನವನ ಮುಂದೆ ಅದನ್ನೂ ಬಾರಿಸಿದೆ. ಬಾರಿಸುತ್ತಿರುವಾಗಲೇ ಫೋನಿನಲ್ಲಿ ಕೇಳಿಸಿತು, ಖಾಲಿ ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಬಿದ್ದ ಸಪ್ಪಳ. ಒಂದು. ಆಮೇಲೆ ಇನ್ನೊಂದು. ಆಮೇಲೆ ಎಡೆಬಿಡದೆ.

'ಇಳಿಸ್ತು,' ಎಂದಳು ಸುವರ್ಣಾ. ಅವಳು ಅಳುತ್ತಿದ್ದಳು.

ಟ್ಯಾಂಕರಿನ ಗಾಲಿಗೆ ಬೆನ್ನು ಕೊಟ್ಟು ಕೆಸರಿನ ಪಕ್ಕದಲ್ಲೇ ಕುಸಿದು ಕೂತ ಹಾಗೇ ಹಾಡುತ್ತಿದ್ದೆ. ನಿಲ್ಲಿಸಿದರೆ ಎಲ್ಲಿ ಮತ್ತೆ ಏರಿಸಿಕೊಳ್ಳುತ್ತಾಳೋ ಎಂಬ ಭಯ. ಕೊನೆಗೆ ಅವ್ವ, 'ಸಾಕು ಬಿಡಪ್ಪಾ, ಕೆಚ್ಚಲ ಮೆತ್ತಗಾಯ್ತು' ಎಂದಮೇಲೆ ಬಾಯಿ ಮುಚ್ಚಿದೆ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು. ನಾನೂ ಅತ್ತೆ, ಮುಚ್ಚುಮರೆ ಯಾಕೆ? ಕಾವಲಿನವನು ಕಾಗದದ ಲೋಟದಲ್ಲಿ ನೀರು ತಂದು ಕೊಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, 'ಹೊತ್ತಿಗಿ ಎಷ್ಟ ಲೀಟರ್ ಕೊಡ್ತದ್ರಿ?' ಎಂದು ಕೇಳಿದ. ಇಬ್ಬರೂ ಸ್ವಲ್ಪ ಹೊತ್ತು ಹಿಂಡಿಯ, ಮೇವಿನ ಮಾತಾಡಿದೆವು. ಅತ್ತ ಏಳನೇ ಹಾಡು ಮುಗಿದು ಚಪ್ಪಾಳೆ ಬೀಳುತ್ತಿತ್ತು. ನನಗೇನೂ ಕೆಡುಕೆನಿಸಲಿಲ್ಲ. ಈಗಲೂ ಅನಿಸುವುದಿಲ್ಲ.

ಮರಳಿ ಹೋದಾಗ ಮಕ್ಬೂಲ ತಲೆಯ ಮೇಲೆ ಕೈಹೊತ್ತು ನಿಂತಿದ್ದ. 'ಎಲ್ಲಿ ಹೋಗಿದ್ಯೋ ಪುಣ್ಯಾತ್ಮ? ಏಳನೇದು ಆಗಿ ಹೋಯ್ತು!' ಸಂಗತಿ ಹೇಳಿದೆ. ಅವನು 'ಶುಕರ್ ಅದ, ಎಮ್ಮಿ ಉಳಿತು' ಎಂದು ತಬ್ಬಿಕೊಂಡ. ಉಳಿದ ಹಾಡುಗಳಿಗೆಲ್ಲ ನಾನು ಬಾಯಿ ಹರಿದುಹೋಗುವ ಹಾಗೆ ಹಾಡಿದೆ. ಯಾರೂ ತೊಡೆಯ ಮೇಲೆ ಕೈಯಿಡಲಿಲ್ಲ. ಸುತ್ತಲಿನ ಮಂದಿಯೆಲ್ಲ ನನಗಿಂತ ಕೆಟ್ಟದಾಗಿ ಹಾಡುತ್ತಿದ್ದರು, ಅದನ್ನು ನೋಡಿಯೇ ಜೀವಕ್ಕೆ ಹಾಯೆನಿಸಿತು.

ಮರುದಿನ ಮಕ್ಬೂಲ ಹುಮನಾಬಾದಿನಿಂದ ತನ್ನ ಮೋಟಾರ್ ಸೈಕಲ್ಲಿನ ಮೇಲೆ ನನ್ನನ್ನು ಕೊಹಿನೂರಿಗೆ ಮುಟ್ಟಿಸಿದಾಗ ಬೆಳಕು ಹರಿದಿತ್ತು. ಅವ್ವ ಬಕೆಟ್ ತೊಳೆದು ನನ್ನ ದಾರಿಯನ್ನೇ ಕಾಯುತ್ತಿದ್ದಳು. ಚಪ್ಪಲಿ ಬಿಟ್ಟವನೇ ಕೊಟ್ಟಿಗೆಗೆ ನಡೆದೆ. ಸುವರ್ಣಾ ಹಾಡು ಹಚ್ಚಲು ಫೋನು ಹಿಡಿದು ನಿಂತಳು. ನಾನು ಬಕೆಟ್ಟನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಅವಳಿಗೆ ತಡಿ ಎಂದು ಸನ್ನೆ ಮಾಡಿ, ಮೊದಲು ಒಂದು ಎಳೆ ಎತ್ತೋಣವೆಂದು ಬಾಯಿ ತೆರೆದೆ.

ದನಿಯೇ ಇಲ್ಲ. ಹವಾ ಹೋದ ಟೈರಿನ ಹಾಗೆ ಬುಸ್ ಎಂದಿತು, ಅಷ್ಟೇ. ಕೆಮ್ಮಿದೆ, ಉಗುಳು ನುಂಗಿದೆ, ಮತ್ತೆ ತೆರೆದೆ. ಬುಸ್. ಹಿಂದಿನ ದಿನ ಕಿರಚಿದ ಕಿರಚಾಟಕ್ಕೆ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಇಳಿಸದಿದ್ದರೆ? ಇವತ್ತೂ ಇಳಿಸದಿದ್ದರೆ? ಸುವರ್ಣಾ ಗಾಬರಿಯಿಂದ ನನ್ನನ್ನೂ ಅವ್ವನನ್ನೂ ನೋಡಿದಳು.

ಚಂದ್ರಿ ಕೊರಳು ಪೂರ್ತಿ ಹೊರಳಿಸಿದಳು. ನನ್ನ ತಲೆ ಮೂಸಿದಳು, ಕಿವಿ ಮೂಸಿದಳು, ಬಸ್ಸಿನ ಧೂಳು ಹತ್ತಿದ ಕುತ್ತಿಗೆಯನ್ನು ಮೂಸಿ ಬಿಸಿಯಾಗಿ ಒಂದು ಉಸಿರು ಬಿಟ್ಟಳು. ಮತ್ತೆ ಮುಂದೆ ತಿರುಗಿ ಮೇವಿಗೆ ಬಾಯಿ ಹಾಕಿದಳು. ನನ್ನ ಕೈಯೊಳಗೆ ಮೊಲೆ ತುಂಬಿಕೊಂಡಿತು. ನಾನು ಏನೂ ಮಾಡಲಿಲ್ಲ, ಹಾಲು ತಾನಾಗಿ ಬಂತು. ಕೊಟ್ಟಿಗೆಯಲ್ಲಿ ಹಾಡಿಲ್ಲ, ಗಿಟಾರಿಲ್ಲ. ಸುವರ್ಣಾಳ ಹೆಬ್ಬೆರಳು ಫೋನಿನ ಮೇಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು.

ಏಳನೇ ಹಾಡಿನ ಬಗ್ಗೆ ನಾನು ಬರೆದ ಸಿದ್ಧಾಂತಗಳೆಲ್ಲ ಆ ಬಕೆಟ್ಟಿನಲ್ಲಿ ಮುಳುಗಿದವು. ಜಗತ್ತಿನಲ್ಲಿ ನನ್ನ ಹಾಡನ್ನು ಮೆಚ್ಚುವ ಜೀವ ಒಂದಾದರೂ ಇದೆ ಎಂದುಕೊಂಡಿದ್ದೆ. ಅದೂ ಸುಳ್ಳಾಯಿತು. ಅವಳಿಗೆ ಹಾಡಿನ ಗೊಡವೆಯೇ ಇರಲಿಲ್ಲ, ಇಷ್ಟು ದಿನ ನಾನಿರುವೆನೋ ಇಲ್ಲವೋ ಎಂದು ನೋಡುತ್ತಿದ್ದಳು. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನನಗೆ ಮಾತ್ರ ಅಷ್ಟು ಹಗುರವಾಗಿ ಹಿಂದೆ ಯಾವತ್ತೂ ಅನಿಸಿರಲಿಲ್ಲ. ಅವಳ ಹೊಟ್ಟೆಗೆ ಹಣೆ ಆನಿಸಿ ಸುಮ್ಮನೆ ಹಿಂಡುತ್ತ ಕೂತೆ.

ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲವನ್ನೂ ನೋಡಿದಳು.

'ಹಾಡ ಇಲ್ದನೂ ಹಿಂಡಗೊಡ್ತದಲ್ಲೋ ಇದು!' ಎಂದಳು. 'ಹಂಗಾರ ಇಷ್ಟ ದಿನ ನಮ್ಮ ಕಿವಿ ಯಾಕ ತಿಂದಿ?'

ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಬುಸ್. ಬಕೆಟ್ಟು ತುಂಬುತ್ತಿತ್ತು.